ಸೀ ವೆಂಚರ್: ಹಡಗು ಒಡೆದದ್ದರಿಂದ ಜೇಮ್ಸ್‌ಟೌನ್ ಉಳಿಯಿತೇ, ಉಪವಾಸ ಬಿದ್ದಿತೇ?

ಹಾಯಿಹಗ್ಗ (ಚರ್ಚೆ ಆರಂಭಿಸಿದವರು)

ಅಮೆರಿಕದ ವರ್ಜೀನಿಯಾದಲ್ಲಿದ್ದ ಇಂಗ್ಲಿಷರ ವಸಾಹತು ಜೇಮ್ಸ್‌ಟೌನಿಗೆಂದು ಹೊರಟು, 1609ರ ಜುಲೈ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದ ಹವಳ ಬಂಡೆಗಳ ನಡುವೆ ಸಿಕ್ಕಿಕೊಂಡ ‘ಸೀ ವೆಂಚರ್’ ಹಡಗಿನ ಕಥೆಯನ್ನು ಬಹುತೇಕ ಎಲ್ಲರೂ ದೈವಕೃಪೆಯ ಕಥೆಯಾಗಿಯೇ ಹೇಳುತ್ತಾರೆ. ನಾಲ್ಕು ದಿನಗಳ ಬಿರುಗಾಳಿ, ಇನ್ನೇನು ಮುಳುಗಲಿದ್ದ ಹಡಗು, ಕಡೆಯ ಗಳಿಗೆಯಲ್ಲಿ ಕಂಡ ನೆಲ, ಸುಮಾರು 150 ಮಂದಿಯಲ್ಲಿ ಒಬ್ಬರೂ ಸಾಯದೆ ದಡ ಸೇರಿದ್ದು, ಮರುವರ್ಷ ತಾವೇ ಕಟ್ಟಿದ ಎರಡು ನೌಕೆಗಳಲ್ಲಿ ಜೇಮ್ಸ್‌ಟೌನ್ ತಲುಪಿ ಅಲ್ಲಿ ಹಸಿವಿನಿಂದ ಸಾಯುತ್ತಿದ್ದವರಿಗೆ ಆಹಾರ ಒದಗಿಸಿದ್ದು, ಇವೆಲ್ಲ ನಿಜವಾಗಿ ನಡೆದ ಸಂಗತಿಗಳೇ. ನನ್ನ ತಕರಾರು ಇರುವುದು ಈ ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬುದರ ಬಗ್ಗೆ. ಅದು ಬಿರುಗಾಳಿಯಿಂದ ಶುರುವಾಗಬಾರದು, ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ತೆಗೆದುಕೊಂಡ ಒಂದು ಕೆಟ್ಟ ತೀರ್ಮಾನದಿಂದ ಶುರುವಾಗಬೇಕು.

ಆ ವಸಾಹತನ್ನು ನಡೆಸುತ್ತಿದ್ದ ಲಂಡನ್ನಿನ ವರ್ಜೀನಿಯಾ ಕಂಪನಿಗೆ 1609ರ ಮೇ ತಿಂಗಳಲ್ಲಿ ಹೊಸ ಸನ್ನದು ಸಿಕ್ಕಿತು. ವಸಾಹತಿನಲ್ಲಿ ಅದುವರೆಗೆ ಇದ್ದ ಅಧ್ಯಕ್ಷ ಮತ್ತು ಮಂಡಳಿಯ ವ್ಯವಸ್ಥೆ ರದ್ದಾಗಿ, ಪೂರ್ಣಾಧಿಕಾರವುಳ್ಳ ಗವರ್ನರನ ಆಡಳಿತ ಬರಬೇಕಿತ್ತು. ಆ ಅಧಿಕಾರಪತ್ರವನ್ನು ಹೊತ್ತು ಜೂನ್ 2ರಂದು ಒಂಬತ್ತು ನೌಕೆಗಳ ಪಡೆ ಹೊರಟಾಗ, ಗವರ್ನರ್ ಸರ್ ಥಾಮಸ್ ಗೇಟ್ಸ್, ನೌಕಾಪಡೆಯ ಮುಖ್ಯಸ್ಥ ಸರ್ ಜಾರ್ಜ್ ಸೋಮರ್ಸ್, ಹಡಗಿನ ನಾಯಕ ಕ್ರಿಸ್ಟೋಫರ್ ನ್ಯೂಪೋರ್ಟ್, ಈ ಮೂವರೂ ಸುಮಾರು 300 ಟನ್ನಿನ ಸೀ ವೆಂಚರ್ ಒಂದನ್ನೇ ಹತ್ತಿದರು. ಯಾರಿಗೆ ಹಿರಿತನ ಎಂಬುದರಲ್ಲಿ ಒಮ್ಮತ ಮೂಡದ ಕಾರಣ ಮೂವರೂ ಒಂದೇ ಹಡಗಿನಲ್ಲಿ ಹೋಗುವುದೆಂದು ತೀರ್ಮಾನವಾಯಿತು ಎಂದು ಆಗ ವಸಾಹತಿನ ಅಧ್ಯಕ್ಷನಾಗಿದ್ದ ಜಾನ್ ಸ್ಮಿತ್‌ನ ಬರಹದಲ್ಲಿದೆ. ಅಧಿಕಾರಪತ್ರವೂ ಅದನ್ನು ಚಲಾಯಿಸಬಲ್ಲವರೂ ಒಟ್ಟಿಗೆ ಕಣ್ಮರೆಯಾದದ್ದು ಇದರಿಂದಲೇ.

ಸೀ ವೆಂಚರ್ ಜೊತೆಗಿದ್ದ ಒಂದು ಸಣ್ಣ ನೌಕೆಯೂ ಬಿರುಗಾಳಿಯಲ್ಲಿ ಕಾಣೆಯಾಯಿತು. ಉಳಿದ ಏಳು ನೌಕೆಗಳು ಆಗಸ್ಟ್ ತಿಂಗಳಿನಿಂದ ಒಂದೊಂದಾಗಿ ಜೇಮ್ಸ್‌ಟೌನ್ ಸೇರಿದವು. ಅಲ್ಲಿಗೆ ಬಂದವರು ಹಳೆಯ ಆಡಳಿತ ಮುಗಿಯಿತು ಎಂದು ಹೇಳಬಲ್ಲವರಾಗಿದ್ದರೇ ಹೊರತು ಹೊಸ ಆಡಳಿತದ ಒಂದು ಕಾಗದವನ್ನೂ ತೋರಿಸಬಲ್ಲವರಾಗಿರಲಿಲ್ಲ. ಜಾನ್ ಸ್ಮಿತ್ ಮತ್ತು ಹೊಸದಾಗಿ ಬಂದ ಮುಖಂಡರ ನಡುವೆ ಜಗಳ ಬೆಳೆಯಿತು. ಸ್ಮಿತ್ ಮದ್ದಿನಪುಡಿ ಹೊತ್ತಿ ಸುಟ್ಟ ಗಾಯಗಳೊಂದಿಗೆ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಮರಳಿದ. ಆ ಚಳಿಗಾಲ ಕಳೆಯುವ ಹೊತ್ತಿಗೆ, ಶರತ್ಕಾಲದಲ್ಲಿ ಐನೂರರಷ್ಟಿದ್ದ ಜನರ ಪೈಕಿ ಸುಮಾರು ಅರವತ್ತು ಮಂದಿ ಮಾತ್ರ ಉಳಿದಿದ್ದರು. ಹಾಗಾದರೆ ಸೀ ವೆಂಚರ್ ಜೇಮ್ಸ್‌ಟೌನನ್ನು ಉಳಿಸಿತು ಎನ್ನುವಾಗ ನಾವು ಎರಡನೆಯ ಅಧ್ಯಾಯವನ್ನಷ್ಟೇ ಓದುತ್ತಿಲ್ಲವೇ? ಈ ಕುರಿತು ಬಲ್ಲವರ ಅಭಿಪ್ರಾಯ ತಿಳಿಯುವ ಆಸೆಯಿದೆ.

ಮರಗೆಲಸ ಪ್ರಿಯ

ಹಾಯಿಹಗ್ಗ ಅವರೇ, ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಆ ಹಡಗಿಗೆ ನಿಜವಾಗಿ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಗಾಳಿಗಿಂತ ಹೆಚ್ಚಾಗಿ ಅದನ್ನು ಕೊಂದದ್ದು ಅದರ ಸಂದುಗಳು. ಪ್ರಯಾಣಿಕರಲ್ಲಿ ಒಬ್ಬನಾಗಿದ್ದ ವಿಲಿಯಂ ಸ್ಟ್ರೇಚಿ 1610ರ ಜುಲೈ ತಿಂಗಳಲ್ಲಿ ವರ್ಜೀನಿಯಾದಿಂದ ಬರೆದ ದೀರ್ಘ ಪತ್ರ ಇದಕ್ಕೆ ಮುಖ್ಯ ಆಧಾರ. ಜುಲೈ 24ರಂದು ಬಿರುಗಾಳಿ ಬಡಿದಾಗ, ಹಲಗೆಗಳ ನಡುವೆ ಹಳೆಯ ಹಗ್ಗದ ನಾರು ಮತ್ತು ಡಾಂಬರು ತುಂಬಿ ಮುಚ್ಚಿದ್ದ ಸಂದುಗಳು ಬಹುತೇಕ ಎಲ್ಲ ಕಡೆಯೂ ಬಾಯಿ ಬಿಟ್ಟವು. ಒಂದೇ ಕಡೆ ತೂತಾಗಿದ್ದರೆ ಅದನ್ನು ಹುಡುಕಿ ಮುಚ್ಚಬಹುದಿತ್ತು. ಇಲ್ಲಿ ಸಂದುಗಳೆಲ್ಲ ಒಟ್ಟಿಗೆ ಬಿಟ್ಟುಕೊಂಡಿದ್ದವು. ಮೇಣದ ಬತ್ತಿ ಹಿಡಿದು ಹಡಗಿನ ಒಳಮೈಯ ಪಕ್ಕೆಲುಬುಗಳ ಗುಂಟ ತೆವಳಿ, ನೀರಿನ ಸದ್ದಿಗೆ ಕಿವಿಯಿಟ್ಟು, ಸಿಕ್ಕ ಬಿರುಕುಗಳಿಗೆ ಒಣ ಮಾಂಸದ ತುಂಡುಗಳನ್ನೂ ತುರುಕಿದರು.

ಪಂಪಿನ ಕಥೆ ಇನ್ನೂ ಸಂಕಟದ್ದು. ಪಂಪಿನ ಬಾಯಿಗೆ ಬಿಸ್ಕತ್ತಿನ ಮುದ್ದೆ ಬಂದು ಕಟ್ಟಿಕೊಂಡಾಗ, ದೊಡ್ಡ ಸೋರಿಕೆ ಬಿಸ್ಕತ್ತು ಕೂಡಿಟ್ಟ ಕೋಣೆಯಲ್ಲೇ ಇರಬೇಕೆಂದು ಬಡಗಿ ಅಲ್ಲಿಗೆ ಇಳಿದು ಅದನ್ನೆಲ್ಲ ಕೆದಕಿ ಹುಡುಕಿದ, ಆದರೂ ತೂತು ಸಿಗಲಿಲ್ಲ. ಗಂಡಸರನ್ನೆಲ್ಲ ಮೂರು ತಂಡಗಳಾಗಿ ಹಂಚಿ, ಸರದಿಯ ಮೇಲೆ ಪಂಪು ಒತ್ತಿಸಿದರು, ಬಕೆಟ್ಟುಗಳಲ್ಲಿ ನೀರು ಎತ್ತಿಸಿದರು. ಜೀವಮಾನದಲ್ಲಿ ಮೈಬಗ್ಗಿಸಿ ದುಡಿಯದ ಶ್ರೀಮಂತರೂ, ಗವರ್ನರನೂ ಆ ಸರದಿಯಲ್ಲಿ ನಿಂತರು. ಪೆಟ್ಟಿಗೆಗಳು, ಬಿಯರ್, ಎಣ್ಣೆ, ವೈನ್, ವಿನೆಗರ್ ತುಂಬಿದ ಪೀಪಾಯಿಗಳು ಮತ್ತು ಬಲಮಗ್ಗುಲಿನ ಫಿರಂಗಿಗಳು ಕಡಲಿಗೆ ಬಿದ್ದವು. ನಾಲ್ಕನೆಯ ದಿನದ ಹೊತ್ತಿಗೆ ತಳದಲ್ಲಿ ಹತ್ತು ಅಡಿಯಷ್ಟು ನೀರು ನಿಂತಿತ್ತು. ಜುಲೈ 28ರ ಬೆಳಿಗ್ಗೆ, ಮೂರು ಹಗಲು ಮೂರು ರಾತ್ರಿ ಹಡಗಿನ ಹಿಂಬದಿಯ ಅಟ್ಟದಿಂದ ಕದಲದೆ ಕುಳಿತಿದ್ದ ಸೋಮರ್ಸ್ ನೆಲವನ್ನು ಕಂಡ. ಲಂಗರು ಹಾಕಿದ್ದರೆ ಹಡಗು ಅಲ್ಲೇ ಮುಳುಗುತ್ತಿತ್ತು, ಆದ್ದರಿಂದ ಅದನ್ನು ನೇರವಾಗಿ ದಡದ ಕಡೆಗೆ ಓಡಿಸಲಾಯಿತು. ಅದು ಎರಡು ಬಂಡೆಗಳ ನಡುವೆ ಬಿಗಿಯಾಗಿ, ನೆಟ್ಟಗೆ ನಿಂತುಬಿಟ್ಟಿತು. ದೋಣಿಗಳಲ್ಲಿ ಎಲ್ಲರನ್ನೂ ದಡಕ್ಕೆ ಸಾಗಿಸಲು ಸಾಧ್ಯವಾದದ್ದು ಹೀಗೆ.

ಇಲ್ಲಿ ದೈವವನ್ನು ಕಾಣುವವರೊಡನೆ ನನ್ನ ಜಗಳವಿಲ್ಲ. ಆದರೆ ಚುಕ್ಕಾಣಿ ಹಿಡಿದವರ ಕೈಚಳಕವನ್ನೂ, ಪಂಪು ಒತ್ತಿದ ಹೆಸರಿಲ್ಲದ ಆಳುಗಳ ತೋಳುಗಳನ್ನೂ ಆ ಲೆಕ್ಕಕ್ಕೆ ಸೇರಿಸಲೇಬೇಕು. ಸೀ ವೆಂಚರ್ ಎಳೆದು ತರುತ್ತಿದ್ದ ಸಣ್ಣ ನೌಕೆಯ ಹಗ್ಗವನ್ನು ಬಿರುಗಾಳಿಯಲ್ಲಿ ಬಿಡಿಸಿಬಿಡಬೇಕಾಯಿತು, ಅದು ಮತ್ತೆ ಯಾರಿಗೂ ಕಾಣಲಿಲ್ಲ. ‘ಒಬ್ಬರೂ ಸಾಯಲಿಲ್ಲ’ ಎಂಬ ಮಾತನ್ನು ಹೇಳುವಾಗಲೆಲ್ಲ ಆ ನೌಕೆಯಲ್ಲಿದ್ದವರು ನನಗೆ ನೆನಪಾಗುತ್ತಾರೆ.

ಮಳೆಮಾಪಕ

ಹಾಯಿಹಗ್ಗ ಅವರ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಗೇಟ್ಸ್ 1609ರ ಆಗಸ್ಟಿನಲ್ಲೇ ಜೇಮ್ಸ್‌ಟೌನ್ ತಲುಪಿದ್ದರೂ ಆ ಚಳಿಗಾಲದಲ್ಲಿ ಜನ ಸಾಯುತ್ತಿದ್ದರು. ಆ ಪ್ರದೇಶದ ಹಳೆಯ ಸೈಪ್ರಸ್ ಮರಗಳ ವಾರ್ಷಿಕ ಉಂಗುರಗಳನ್ನು ಅಳೆದು 1998ರಲ್ಲಿ ಪ್ರಕಟಿಸಿದ ಅಧ್ಯಯನವು, 1606ರಿಂದ 1612ರವರೆಗಿನ ಏಳು ವರ್ಷಗಳು ಅಲ್ಲಿ 770 ವರ್ಷಗಳಲ್ಲೇ ಅತ್ಯಂತ ಒಣ ಅವಧಿಯಾಗಿದ್ದವು ಎಂದು ತೋರಿಸಿದೆ. ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನರಿಗೇ ಮೆಕ್ಕೆಜೋಳ ಸಾಲದ ಕಾಲದಲ್ಲಿ ಸಾವಿರಾರು ಮೈಲಿ ದೂರದಿಂದ ಬಂದ ನೂರಾರು ಮಂದಿ ಅವರ ಜೋಳವನ್ನೇ ನಂಬಿ ಕುಳಿತಿದ್ದರು, ಕೊಳ್ಳಲಾಗದಿದ್ದರೆ ಕಸಿದುಕೊಳ್ಳುತ್ತಿದ್ದರು. ಆ ಚಳಿಗಾಲದಲ್ಲಿ ಪೌಹಾಟನ್ನರು ಕೋಟೆಯನ್ನು ಸುತ್ತುವರಿದು, ಹೊರಬಂದವರನ್ನು ಕೊಂದದ್ದಕ್ಕೆ ಈ ಹಿನ್ನೆಲೆಯಿದೆ. ಜೋಳದ ವ್ಯಾಪಾರಕ್ಕೆಂದು ಹೋದ ವಸಾಹತಿನ ಮುಖಂಡ ಜಾನ್ ರಾಟ್‌ಕ್ಲಿಫ್ ಹತನಾದದ್ದೂ ಆಗಲೇ. ಗವರ್ನರನ ಕೈಯಲ್ಲಿದ್ದ ಸನ್ನದು ಮಳೆಯನ್ನು ತರಿಸುತ್ತಿರಲಿಲ್ಲ, ಆ ಜನರ ನೆಲದ ಮೇಲಿನ ಹಕ್ಕನ್ನು ಅವರಿಗೆ ಹಿಂದಿರುಗಿಸುತ್ತಲೂ ಇರಲಿಲ್ಲ.

ಹಾಯಿಹಗ್ಗ

ಮಳೆಮಾಪಕ ಅವರು ಬರಗಾಲವನ್ನು ನೆನಪಿಸಿದ್ದು ಒಳ್ಳೆಯದಾಯಿತು. ಆದರೂ ನನ್ನ ಮಾತಿನ ಒಂದು ಭಾಗವನ್ನು ಬಿಡಲು ಮನಸ್ಸಿಲ್ಲ. ಬರ ಎಲ್ಲರಿಗೂ ಒಂದೇ ಆಗಿತ್ತು, ಆದರೆ ಇದ್ದ ಆಹಾರವನ್ನು ಹೇಗೆ ಹಂಚಬೇಕು, ಹಂದಿಗಳನ್ನು ಯಾವಾಗ ಕೊಯ್ಯಬೇಕು, ಯಾರು ಎಲ್ಲಿ ನೆಲೆ ನಿಲ್ಲಬೇಕು, ಪೌಹಾಟನ್ನರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ತೀರ್ಮಾನಿಸಲು ಎಲ್ಲರೂ ಒಪ್ಪುವ ಅಧಿಕಾರ ಬೇಕಿತ್ತು. ಅದು ಬರ್ಮುಡಾದಲ್ಲಿ ಕುಳಿತಿತ್ತು. ಆ ಚಳಿಗಾಲದ ಭೀಕರತೆ ಎಷ್ಟೆಂದರೆ, ಸುಮಾರು ಹದಿನಾಲ್ಕು ವರ್ಷದ ಒಬ್ಬ ಇಂಗ್ಲಿಷ್ ಹುಡುಗಿಯ ತಲೆಬುರುಡೆಯ ಮೇಲಿನ ಕತ್ತಿಯ ಗುರುತುಗಳಿಂದ, ಸತ್ತವರ ಮಾಂಸವನ್ನು ತಿಂದದ್ದು ನಿಜವೆಂದು 2013ರಲ್ಲಿ ಸಂಶೋಧಕರು ಪ್ರಕಟಿಸಿದರು. ಅದೇ ತಿಂಗಳುಗಳಲ್ಲಿ ಬರ್ಮುಡಾದಲ್ಲಿದ್ದವರು ಹಂದಿ, ಆಮೆ, ಮೀನು, ಹಕ್ಕಿಗಳನ್ನು ಹೊಟ್ಟೆ ತುಂಬ ಉಣ್ಣುತ್ತಿದ್ದರು. ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡದೆ ಸೀ ವೆಂಚರ್‌ನ ಇತಿಹಾಸ ಬರೆಯಬಾರದು ಎಂಬುದು ನನ್ನ ನಿಲುವು.

ಹಳೆಯ ಕಡತ

ಹೊಟ್ಟೆ ತುಂಬ ಉಣ್ಣುತ್ತಿದ್ದರು ಎಂಬ ಮಾತಿನಿಂದಲೇ ನಾನು ಮುಂದುವರಿಯುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಸಂಗದ ತಿರುಳು ಅಲ್ಲಿದೆ. ನಾವಿಕರು ‘ದೆವ್ವಗಳ ದ್ವೀಪ’ ಎಂದು ಹೆದರಿ ದೂರವಿಡುತ್ತಿದ್ದ ಬರ್ಮುಡಾದಲ್ಲಿ ಆಗ ಮನುಷ್ಯರ ವಾಸವಿರಲಿಲ್ಲ. ಹಿಂದಿನ ಹಡಗುಗಳಿಂದ ಇಳಿದ ಹಂದಿಗಳು ಕಾಡಿನಲ್ಲಿ ಬೆಳೆದು ನೂರಾರಾಗಿದ್ದವು. ಹಡಗಿನ ನಾಯಿಯೇ ಬೇಟೆಗೆ ನೆರವಾಯಿತು. ಕಹಾವ್ ಎಂಬ ಕಡಲಹಕ್ಕಿಗಳು ಎಷ್ಟು ಮುಗ್ಧವಾಗಿದ್ದವೆಂದರೆ, ರಾತ್ರಿ ದಡದಲ್ಲಿ ನಿಂತು ಕೂಗಿ ಗದ್ದಲ ಮಾಡಿದರೆ ಆ ಸದ್ದಿಗೇ ಹಾರಿ ಬಂದು ಕೂಗಿದವರ ಮೈಮೇಲೆ ಕೂರುತ್ತಿದ್ದವು ಎಂದು ಸ್ಟ್ರೇಚಿ ಬರೆಯುತ್ತಾನೆ. ಹೀಗಿರುವಾಗ, ಇಲ್ಲಿ ಸುಖವಾಗಿರುವುದನ್ನು ಬಿಟ್ಟು ವರ್ಜೀನಿಯಾಕ್ಕೆ ಹೋಗಿ ಕಂಪನಿಗಾಗಿ ದುಡಿದು ಸಾಯುವುದೇಕೆ ಎಂಬ ಪ್ರಶ್ನೆ ಕೂಲಿಯಾಳುಗಳಲ್ಲಿ ಹುಟ್ಟಿದ್ದು ಸಹಜ.

ಸೆಪ್ಟೆಂಬರ್ ತಿಂಗಳಲ್ಲಿಯೇ ಆರು ಮಂದಿ, ನೌಕೆ ಕಟ್ಟುವ ಕೆಲಸಕ್ಕೆ ಕೈ ಹಾಕುವುದಿಲ್ಲವೆಂದು ತಮ್ಮೊಳಗೆ ಮಾತುಕೊಟ್ಟುಕೊಂಡರು. ಅವರು ಬಯಸಿದಂತೆಯೇ ಪ್ರತ್ಯೇಕ ದ್ವೀಪವೊಂದಕ್ಕೆ ಗಡಿಪಾರು ಮಾಡಿದಾಗ, ಅಲ್ಲಿನ ಒಂಟಿತನ ತಾಳಲಾರದೆ ಕ್ಷಮೆ ಕೇಳಿ ಮರಳಿದರು. 1610ರ ಜನವರಿಯಲ್ಲಿ ಸ್ಟೀಫನ್ ಹಾಪ್ಕಿನ್ಸ್ ಎಂಬವನು ಇನ್ನೂ ಗಟ್ಟಿಯಾದ ವಾದ ಮುಂದಿಟ್ಟ. ಗವರ್ನರನ ಅಧಿಕಾರ ವರ್ಜೀನಿಯಾಕ್ಕೆ ಸಂಬಂಧಿಸಿದ್ದು, ಹಡಗು ಒಡೆದ ಗಳಿಗೆಯಲ್ಲಿಯೇ ಅದು ಮುಗಿಯಿತು, ಈಗ ಪ್ರತಿಯೊಬ್ಬನೂ ಸ್ವತಂತ್ರ, ಅವನವನ ಸಂಸಾರವನ್ನು ಅವನವನೇ ನೋಡಿಕೊಳ್ಳಬೇಕು ಎಂಬುದು ಅವನ ವಾದದ ಸಾರ. ಅವನಿಗೆ ಮರಣದಂಡನೆ ವಿಧಿಸಿದ ಗೇಟ್ಸ್, ಹೆಂಡತಿ ಮಕ್ಕಳ ಗತಿಯೇನೆಂದು ಅವನು ಅತ್ತು ಬೇಡಿಕೊಂಡ ಮೇಲೆ, ನ್ಯೂಪೋರ್ಟ್ ಮುಂತಾದವರು ಮಧ್ಯೆ ಬಂದದ್ದರಿಂದ ಕ್ಷಮಿಸಿದ. 1620ರಲ್ಲಿ ಇಂಗ್ಲಿಷ್ ವಲಸಿಗರ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ, ತಮ್ಮ ಆಡಳಿತದ ಬಗ್ಗೆ ಅವರು ಮಾಡಿಕೊಂಡ ಒಡಂಬಡಿಕೆಗೆ ಸಹಿ ಹಾಕಿದ ಸ್ಟೀಫನ್ ಹಾಪ್ಕಿನ್ಸ್ ಇವನೇ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ನಿಗದಿತ ಸ್ಥಳ ಬಿಟ್ಟು ಬೇರೆಡೆ ಇಳಿದಾಗ ಯಾರ ಅಧಿಕಾರ ನಡೆಯಬೇಕು ಎಂಬ ಅದೇ ಪ್ರಶ್ನೆ ಮೇಫ್ಲವರ್‌ನಲ್ಲಿಯೂ ಎದ್ದಿತ್ತು ಎಂಬುದನ್ನು ಗಮನಿಸಿ.

ಹೆನ್ರಿ ಪೇನ್ ಎಂಬವನಿಗೆ ಕ್ಷಮೆ ಸಿಗಲಿಲ್ಲ. ಮಾರ್ಚ್ ತಿಂಗಳಲ್ಲಿ ಕಾವಲಿನ ಮೇಲಧಿಕಾರಿಗೆ ಹೊಡೆದು, ಗವರ್ನರನಿಗೆ ತನ್ನ ಮೇಲೆ ಯಾವ ಅಧಿಕಾರವೂ ಇಲ್ಲವೆಂದು ಬೈದಾಡಿದ್ದಕ್ಕಾಗಿ ಅವನಿಗೆ ನೇಣಿನ ಶಿಕ್ಷೆಯಾಯಿತು. ತಾನು ಕುಲೀನನಾದ್ದರಿಂದ ಗುಂಡಿಟ್ಟು ಕೊಲ್ಲಬೇಕೆಂದು ಬೇಡಿದ, ಅಂದೇ ಸಂಜೆ ಹಾಗೆಯೇ ಆಯಿತು. ಮೇಲಿನ ಎಲ್ಲ ವಿವರಗಳೂ ಗವರ್ನರನ ಪಕ್ಷದವನೇ ಆದ ಸ್ಟ್ರೇಚಿಯ ಬರಹದಿಂದ ಬಂದವು ಎಂಬುದನ್ನು ಮರೆಯಬಾರದು. ಅವನು ದಂಗೆಯೆಂದು ಕರೆದದ್ದನ್ನು ನಾನು ಕೂಲಿಯಾಳುಗಳ ನ್ಯಾಯವಾದ ತಕರಾರೆಂದೇ ಓದುತ್ತೇನೆ. ಜೇಮ್ಸ್‌ಟೌನಿನಲ್ಲಿ ಆ ಹೊತ್ತಿಗೆ ನಡೆಯುತ್ತಿದ್ದದ್ದು ಅವರಿಗೆ ತಿಳಿದಿರಲಿಲ್ಲ, ಆದರೂ ಅವರ ಅಂದಾಜು ಗವರ್ನರನ ಅಂದಾಜಿಗಿಂತ ಸರಿಯಾಗಿತ್ತು.

ತುಂಗೆಯ ತೆಪ್ಪ

ಒಂದು ಚಿಕ್ಕ ಪ್ರಶ್ನೆ. ಹಡಗು ಒಡೆದು ಹೋದ ದ್ವೀಪದಲ್ಲಿ 150 ಮಂದಿಯನ್ನು ಸಾಗಿಸುವ ನೌಕೆಗಳನ್ನು ಅವರು ಯಾವ ಸಾಮಗ್ರಿಯಿಂದ ಕಟ್ಟಿದರು?

ಮರಗೆಲಸ ಪ್ರಿಯ

ತುಂಗೆಯ ತೆಪ್ಪ ಅವರೇ, ನಾನು ಈ ಹಡಗಿನ ಇತಿಹಾಸಕ್ಕೆ ಮನಸೋತದ್ದೇ ನೀವು ಕೇಳಿದ ಈ ಭಾಗಕ್ಕಾಗಿ. ಸೀ ವೆಂಚರ್ ಕೂಡಲೇ ಮುಳುಗದೆ ಬಂಡೆಗಳ ನಡುವೆ ನಿಂತಿದ್ದರಿಂದ ಅದರ ಓಕ್ ತೊಲೆಗಳು, ಹಲಗೆಗಳು, ಕಬ್ಬಿಣದ ಮೊಳೆಗಳು, ಹಗ್ಗ, ಹಾಯಿಬಟ್ಟೆ ಎಲ್ಲವನ್ನೂ ಬಿಚ್ಚಿ ತರಲು ಸಾಧ್ಯವಾಯಿತು. ಹಡಗು ಕಟ್ಟುವ ಬಡಗಿ ರಿಚರ್ಡ್ ಫ್ರೋಬಿಷರ್ ಆಗಸ್ಟ್ 28ರಂದು ‘ಡೆಲಿವರೆನ್ಸ್’ ನೌಕೆಯ ತಳದ ತೊಲೆಯನ್ನು ಇಟ್ಟ. ಅದರ ಉದ್ದ 40 ಅಡಿ, ನೌಕೆಯ ಸಾಮರ್ಥ್ಯ ಸುಮಾರು 80 ಟನ್. ಹಳೆಯ ಹಡಗಿನ ಓಕ್ ಜೊತೆಗೆ ದ್ವೀಪದ ಸೀಡರ್ ಮರವನ್ನು ಬಳಸಿದರು. ಎಲ್ಲರಿಗೂ ಇದೊಂದೇ ಸಾಲದು ಎಂದು ಕಂಡಾಗ ಸೋಮರ್ಸ್ ಇಪ್ಪತ್ತು ಆಳುಗಳನ್ನು ಕೇಳಿ ಪಡೆದು, ಬೇರೊಂದು ಕಡೆ 29 ಅಡಿ ತೊಲೆಯ ‘ಪೇಷನ್ಸ್’ ಎಂಬ ಸಣ್ಣ ನೌಕೆಯನ್ನು ಕಟ್ಟಿದ. ಅದು ಪೂರ್ತಿ ಸೀಡರ್ ಮರದ್ದು, ಅದರಲ್ಲಿದ್ದ ಕಬ್ಬಿಣವೆಂದರೆ ತಳದ ಒಂದೇ ಒಂದು ಬೋಲ್ಟು.

ಸಂದು ಮುಚ್ಚಲು ಉಳಿದಿದ್ದದ್ದು ಒಂದು ಪೀಪಾಯಿ ಡಾಂಬರು, ಒಂದು ಪೀಪಾಯಿ ರಾಳ. ಉಳಿದುದಕ್ಕೆ ಅವರು ಚಿಪ್ಪುಗಳನ್ನೂ ಅಲ್ಲಿನ ಬಿಳಿಯ ಕಲ್ಲನ್ನೂ ಸುಟ್ಟು ಸುಣ್ಣ ಮಾಡಿ, ಸಿಹಿನೀರಿನಲ್ಲಿ ಅರಳಿಸಿ, ಆಮೆಯ ಎಣ್ಣೆಯೊಂದಿಗೆ ಕಲಸಿ ಮೆತ್ತಿದರು. ಸುಣ್ಣಕ್ಕೆ ಎಣ್ಣೆ ಬೆರೆಸಿ ಮರದ ಮೈಗೆ ಹಚ್ಚುವ ಪದ್ಧತಿ ನಮ್ಮ ಪಶ್ಚಿಮ ಕರಾವಳಿಯ ಹಡಗುಗಳಲ್ಲಿಯೂ ಇತ್ತು. ಇಂಥ ಲೇಪದ ನೌಕೆಗಳು 1610ರ ಮೇ 10ರಂದು ಹೊರಟು ಎರಡೇ ವಾರಗಳಲ್ಲಿ ಜೇಮ್ಸ್‌ಟೌನ್ ತಲುಪಿದವು. ಸಂದು ಬಿಟ್ಟು ಸತ್ತ ಹಡಗಿನ ತೊಲೆಗಳಿಂದಲೇ ಸಂದು ಬಿಡದ ನೌಕೆಯನ್ನು ಕಟ್ಟಿದ ಆ ಬಡಗಿಗೆ, ಗವರ್ನರನಿಗಿಂತ ಹೆಚ್ಚಿನ ಗೌರವ ಸಲ್ಲಬೇಕೆಂದು ನಾನು ನಂಬಿದ್ದೇನೆ.

ಹಾಯಿಹಗ್ಗ

ತಲುಪಿದ ಮೇಲೆ ನಡೆದದ್ದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ‘ಉಳಿಸಿತು’ ಎಂಬ ಮಾತಿನ ಅಳತೆ ಅಲ್ಲಿ ಸಿಗುತ್ತದೆ. ಬರ್ಮುಡಾದಿಂದ ತಂದ ಉಪ್ಪು ಹಚ್ಚಿದ ಹಂದಿಮಾಂಸವೂ ಸೇರಿ ಇದ್ದ ಆಹಾರ ಎರಡು ವಾರಗಳಿಗೆ ಸಾಕಾಗುವಷ್ಟು ಮಾತ್ರವಿತ್ತು. ಆದ್ದರಿಂದ ಗೇಟ್ಸ್ ವಸಾಹತನ್ನೇ ಬಿಟ್ಟು ಹೊರಡಲು ನಿರ್ಧರಿಸಿದ. ಜೂನ್ 7ರಂದು ಎಲ್ಲರೂ ನೌಕೆ ಹತ್ತಿದರು. ಊರಿಗೆ ಬೆಂಕಿಯಿಡಬೇಕೆಂದಿದ್ದವರನ್ನು ತಡೆಯಲು ಗೇಟ್ಸ್ ಕಡೆಯವನಾಗಿ ಹತ್ತಿದ. ಜೇಮ್ಸ್ ನದಿಯಲ್ಲಿ ಇಳಿಯುತ್ತಿದ್ದಾಗ, ಹೊಸ ಗವರ್ನರ್ ಲಾರ್ಡ್ ಡೆ ಲಾ ವಾರ್ ಮೂರು ಹಡಗುಗಳಲ್ಲಿ ಜನ ಮತ್ತು ಆಹಾರದೊಂದಿಗೆ ಬಂದಿರುವ ಸುದ್ದಿ ತಂದ ದೋಣಿ ಎದುರಾಯಿತು. ಎಲ್ಲರೂ ಹಿಂದಿರುಗಿದರು. ಸೀ ವೆಂಚರ್‌ನವರು ಮಾಡಿದ್ದು ಆ ಅರವತ್ತು ಮಂದಿಯ ಜೀವವನ್ನು ಹದಿನೈದು ದಿನ ಹಿಡಿದಿಟ್ಟದ್ದು. ಅದು ಸಣ್ಣ ಸಂಗತಿಯಲ್ಲ, ಆದರೆ ವಸಾಹತು ಉಳಿದದ್ದಕ್ಕೆ ಕಾರಣ ಡೆ ಲಾ ವಾರ್‌ನ ಹಡಗುಗಳು.

ಬಸರೂರು ಹಾದಿ

ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನ್ಯೂಪೋರ್ಟ್ ಎಂಬ ಹೆಸರನ್ನು ಸೂರತ್ ಬಂದರಿನ ಇತಿಹಾಸದಲ್ಲಿಯೂ ಓದಿದ ನೆನಪು. ಇಬ್ಬರೂ ಒಬ್ಬರೇ ಆಗಿದ್ದಾರೆಯೇ?

ಹಳೆಯ ಕಡತ

ಹೌದು, ಒಬ್ಬನೇ. ಅವನ ಬದುಕಿನ ಎರಡೂ ತುದಿಗಳು ನಮ್ಮ ಕಡಲಿಗೆ ಸೇರಿಕೊಂಡಿವೆ. ಭಾರತದಿಂದ ಮೆಣಸು, ಲವಂಗ, ಹತ್ತಿ ಬಟ್ಟೆ ಹೇರಿಕೊಂಡು ಮರಳುತ್ತಿದ್ದ ಪೋರ್ಚುಗೀಸರ ‘ಮಾದ್ರೆ ದೆ ದೆಉಸ್’ ಎಂಬ ಭಾರಿ ಹಡಗನ್ನು ಇಂಗ್ಲಿಷರು 1592ರಲ್ಲಿ ಅಜೋರ್ಸ್ ದ್ವೀಪಗಳ ಬಳಿ ಸೆರೆಹಿಡಿದಾಗ, ಅದನ್ನು ಇಂಗ್ಲೆಂಡಿಗೆ ನಡೆಸಿ ತಂದವನು ನ್ಯೂಪೋರ್ಟ್. ವರ್ಜೀನಿಯಾದ ಸೇವೆ ಮುಗಿದ ಮೇಲೆ ಅವನು ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ. ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಜಹಾಂಗೀರನ ಆಸ್ಥಾನಕ್ಕೆಂದು 1615ರಲ್ಲಿ ಸೂರತ್ತಿಗೆ ಬಂದದ್ದು ನ್ಯೂಪೋರ್ಟ್ ನಡೆಸುತ್ತಿದ್ದ ‘ಲಯನ್’ ಹಡಗಿನಲ್ಲಿ. ನ್ಯೂಪೋರ್ಟ್ 1617ರಲ್ಲಿ ಜಾವಾದ ಬಾಂಟಮ್‌ನಲ್ಲಿ ತೀರಿಕೊಂಡ.

ಇದು ಕಾಕತಾಳೀಯವೆಂದು ತೋರಬಹುದು, ಆದರೆ ಹಾಗಲ್ಲ. 1600ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಸರ್ ಥಾಮಸ್ ಸ್ಮಿತ್ ಎಂಬ ಲಂಡನ್ ವರ್ತಕ. ಸೀ ವೆಂಚರ್ ಹೊರಟಾಗ ವರ್ಜೀನಿಯಾ ಕಂಪನಿಯ ಖಜಾಂಚಿಯೂ ಅವನೇ, ಆಮೇಲೆ ಬರ್ಮುಡಾವನ್ನು ಆಳಿದ ಸೋಮರ್ಸ್ ಐಲ್ಸ್ ಕಂಪನಿಯ ಮುಖ್ಯಸ್ಥನೂ ಅವನೇ. ಒಂದೇ ಊರಿನ, ಒಂದೇ ವರ್ತಕ ಬಳಗದ ಹಣ ಪಶ್ಚಿಮಕ್ಕೂ ಪೂರ್ವಕ್ಕೂ ಹಾಯಿ ಬಿಚ್ಚಿತ್ತು. ಅಮೆರಿಕದ ಇತಿಹಾಸವನ್ನೂ ನಮ್ಮ ಇತಿಹಾಸವನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಓದುವುದರಿಂದ ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮಳೆಮಾಪಕ

ಬರ್ಮುಡಾದ ಕಡೆಯಿಂದಲೂ ಈ ಲೆಕ್ಕವನ್ನು ನೋಡಬೇಕು. ಆಹಾರ ತರಲೆಂದು ಪೇಷನ್ಸ್ ನೌಕೆಯಲ್ಲಿ ಮತ್ತೆ ಅಲ್ಲಿಗೆ ಹೋದ ಸೋಮರ್ಸ್ 1610ರ ನವೆಂಬರಿನಲ್ಲಿ ಅಲ್ಲೇ ಸತ್ತ. ಹಿಂದೆ ಉಳಿದ ಕ್ರಿಸ್ಟೋಫರ್ ಕಾರ್ಟರ್ ಮುಂತಾದ ಮೂವರು, 1612ರಲ್ಲಿ ರಿಚರ್ಡ್ ಮೂರ್ ಎಂಬ ಗವರ್ನರನೊಡನೆ ಸುಮಾರು 60 ವಸಾಹತುಗಾರರು ಬರುವವರೆಗೂ ಅಲ್ಲಿದ್ದರು. ಅಲ್ಲಿಂದ ನಾಲ್ಕೇ ವರ್ಷಗಳಲ್ಲಿ, 1616ರಲ್ಲಿ, ಮುತ್ತು ತೆಗೆಯುವ ಮುಳುಗಾಳುಗಳಾಗಿ ಒಬ್ಬ ಆಫ್ರಿಕನ್ನನನ್ನೂ ಒಬ್ಬ ಕೆರಿಬಿಯನ್ ಮೂಲನಿವಾಸಿಯನ್ನೂ ತರಲಾಯಿತು. ಗುಲಾಮಗಿರಿ ಬೆಳೆದದ್ದು ಆ ಹಾದಿಯಲ್ಲಿ. ಇತ್ತ ವರ್ಜೀನಿಯಾದಲ್ಲಿ, ಸೀ ವೆಂಚರ್‌ನಲ್ಲಿ ಬಂದು ಬರ್ಮುಡಾದಲ್ಲಿ ಹುಟ್ಟಿದ ಎಳೆಗೂಸನ್ನು ಅಲ್ಲಿಯೇ ಕಳೆದುಕೊಂಡಿದ್ದ ಜಾನ್ ರಾಲ್ಫ್ ಹೊಗೆಸೊಪ್ಪಿನ ಬೇಸಾಯವನ್ನು ಯಶಸ್ವಿಗೊಳಿಸಿದ. ಪೌಹಾಟನ್ನರ ನೆಲವನ್ನು ವರ್ಷದಿಂದ ವರ್ಷಕ್ಕೆ ನುಂಗಿದ್ದು ಆ ಬೆಳೆಯೇ. ಡೆ ಲಾ ವಾರ್‌ನ ಹಡಗುಗಳು ವಸಾಹತನ್ನು ಉಳಿಸಿದವು ಎಂದು ಹಾಯಿಹಗ್ಗ ಅವರು ಬರೆದಿದ್ದಾರೆ. ಅದು ಲಾಭ ಗಳಿಸುವಂತೆ ಮಾಡಿದ್ದು ಸೀ ವೆಂಚರ್‌ನ ಒಬ್ಬ ಪ್ರಯಾಣಿಕ.

ಮರಗೆಲಸ ಪ್ರಿಯ

ಕಡೆಯದಾಗಿ, ಕೈಯಲ್ಲಿ ಹಿಡಿದು ನೋಡಬಹುದಾದ ಸಾಕ್ಷ್ಯದ ಬಗ್ಗೆ. ಸೀ ವೆಂಚರ್‌ನ ಅವಶೇಷವನ್ನು 1958ರಲ್ಲಿ ಎಡ್ಮಂಡ್ ಡೌನಿಂಗ್ ಎಂಬ ಮುಳುಗುಗಾರ ಬರ್ಮುಡಾದ ಪೂರ್ವ ತುದಿಯ ಬಳಿ ಪತ್ತೆಹಚ್ಚಿದ. 1978ರ ಬಳಿಕ ವ್ಯವಸ್ಥಿತ ಉತ್ಖನನ ನಡೆಯಿತು. ಸಿಕ್ಕದ್ದು ಹಡಗಿನ ತಳಭಾಗದ ತೊಲೆಗಳು, ಹಲಗೆಗಳು ಮತ್ತು ಆ ಕಾಲದ ಮಡಕೆ ಕುಡಿಕೆಗಳ ಚೂರುಗಳು. ಮೇಲ್ಭಾಗ ಸಿಗದಿರುವುದು ಸಹಜವೇ, ಅದನ್ನು ಫ್ರೋಬಿಷರ್ ಬಿಚ್ಚಿ ಒಯ್ದಿದ್ದ. ಜೇಮ್ಸ್‌ಟೌನಿನ ಕೋಟೆಯೊಳಗಿನ ಉತ್ಖನನದಲ್ಲಿ ಕಹಾವ್ ಹಕ್ಕಿಯ ಮೂಳೆಗಳು ಸಿಕ್ಕಿವೆ. ಆ ಹಕ್ಕಿ ಗೂಡು ಕಟ್ಟುವುದು ಬರ್ಮುಡಾದಲ್ಲಿ ಮಾತ್ರ, ಆದ್ದರಿಂದ ದ್ವೀಪದ ಆಹಾರ ಆ ಅರವತ್ತು ಮಂದಿಯಿದ್ದ ಊರನ್ನು ತಲುಪಿತ್ತೆಂಬುದಕ್ಕೆ ಸ್ಟ್ರೇಚಿಯ ಮಾತನ್ನಷ್ಟೇ ನಂಬಬೇಕಾಗಿಲ್ಲ. ಬರ್ಮುಡಾದಲ್ಲಿ ವಸಾಹತು ಶುರುವಾದ ಕೆಲವೇ ವರ್ಷಗಳಲ್ಲಿ ಪೂರ್ತಿ ನಾಶವಾಯಿತೆಂದು ಮೂರು ಶತಮಾನಗಳ ಕಾಲ ಜನ ನಂಬಿದ್ದ ಆ ಹಕ್ಕಿಯ ಕೆಲವು ಜೋಡಿಗಳು 1951ರಲ್ಲಿ ಮತ್ತೆ ಕಂಡವು. ಇಂದು ಅವುಗಳನ್ನು ಕಾಪಾಡುವ ಕೆಲಸ ಬರ್ಮುಡಾದಲ್ಲಿ ನಡೆಯುತ್ತಿದೆ.